ಬೆಂಗಳೂರಿನಿಂದ ಮುಂಬೈಗೆ ಹೋಗೋಣವೇ ಎಂದು ಯೋಚಿಸುತ್ತಿರುವವರಿಗೆ

ಸಂಬಳ ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕೋ ಮೊದಲು ಜುಲೈನಲ್ಲಿ ಒಂದು ವಾರ ಅಲ್ಲೇ ಇದ್ದು ಬನ್ನಿ. ಡಿಸೆಂಬರ್‌ನಲ್ಲಿ ನೋಡಿದ ಮುಂಬೈ ಬೇರೆ, ಮಳೆಗಾಲದ್ದೇ ಬೇರೆ. ನಾನು ಘಾಟ್ಕೋಪರ್‌ನಲ್ಲಿ ಉಳಿದಿದ್ದಾಗ ಒಗೆದ ಬಟ್ಟೆ ಮೂರು ದಿನವಾದರೂ ಒಣಗಲಿಲ್ಲ, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿದಿತ್ತು. ಬೆಳಿಗ್ಗೆ ಎಂಟೂವರೆಗೆ ಲೋಕಲ್ ಹತ್ತಿ ಆಫೀಸ್ ತನಕ ಹೋಗಿ ನೋಡಿ, ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತಬೇಕಾಯಿತು ನನಗೆ. ದಿನಾ ಇದು ಆಗುತ್ತದಾ ಅಂತ ನಿಮ್ಮ ಮೈಯೇ ಹೇಳುತ್ತದೆ. ಆಗಲ್ಲ ಅಂದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಆಫೀಸ್ ಹತ್ತಿರವೇ ಮನೆ ಹುಡುಕಿ.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಆದರೂ ಮಹಾರಾಷ್ಟ್ರದಲ್ಲಿ ಅದನ್ನು ನೋಂದಣಿ ಮಾಡಿಸಲೇಬೇಕು. ಬ್ರೋಕರ್ ದುಡ್ಡು ಬೇರೆ ಎತ್ತಿಡಿ.

ಕಾರು ಒಯ್ಯುವುದಾದರೆ ಇಲ್ಲಿನ ಆರ್‌ಟಿಓದಿಂದ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು. 12 ತಿಂಗಳಿಗಿಂತ ಹೆಚ್ಚು ಅಲ್ಲೇ ಇಟ್ಟುಕೊಂಡರೆ ಮರುನೋಂದಣಿ, ಅಲ್ಲಿನ ರಸ್ತೆ ತೆರಿಗೆ ಎರಡೂ ಬರುತ್ತವೆ. ಸಣ್ಣ ಹಳೇ ಕಾರಾದರೆ ಮಾರಿ ಹೋಗುವುದೇ ವಾಸಿ.

ಶಾಲೆಗೆ ಹೋಗೋ ಮಕ್ಕಳಿದ್ದರೆ ಮರಾಠಿ ಕಡ್ಡಾಯ ಅನ್ನೋದು ನೆನಪಿರಲಿ. ಐದನೇ ಕ್ಲಾಸ್ ದಾಟಿದ ಮಗುವಿಗೆ ಈಗಿನಿಂದಲೇ ಅಕ್ಷರ ಕಲಿಸಿ. ಲಿಪಿ ದೇವನಾಗರಿ, ಹಿಂದಿ ಓದೋ ಮಕ್ಕಳಿಗೆ ಅರ್ಧ ಕೆಲಸ ಆಗಲೇ ಆಗಿರುತ್ತದೆ.

ಕನ್ನಡದ ಹಂಬಲ ಕಾಡಿದರೆ ಮಾಟುಂಗಾಕ್ಕೆ ಹೋಗಿ, ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ.