ಮೈ ಒರೆಸುವ ಮೊದಲೇ ಎಣ್ಣೆ

ಬಚ್ಚಲಿನ ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಬೆಳಿಗ್ಗೆ ಗಟ್ಟಿಯಾಗಿ ಕಂಡ ದಿನ ನಮ್ಮ ಮನೆಯಲ್ಲಿ ಚಳಿಗಾಲ ಶುರುವಾಯಿತೆಂದು ಲೆಕ್ಕ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಆ ಎಣ್ಣೆ ಹೆಪ್ಪುಗಟ್ಟುತ್ತದೆ. ವಿಜಯಪುರದಲ್ಲಿ ಅದರ ಬೆನ್ನಿಗೇ ಒಣಗಾಳಿ ಬೀಸತೊಡಗುತ್ತದೆ. ಮೊಣಕೈಗೆ ಬೂದಿ ಬಳಿದಂತಾಗುತ್ತದೆ, ಮೊಮ್ಮಕ್ಕಳ ಕಾಲಿನ ಮೇಲೆ ಉಗುರು ತಾಗಿದರೆ ಬಿಳಿ ಗೆರೆ ಮೂಡುತ್ತದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಊಟಕ್ಕೆ ಕುಳಿತರೆ, ಸಜ್ಜೆ ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿ ಒಡೆದ ತುಟಿಗೆ ತಾಗಿ ಒಬ್ಬರಲ್ಲ ಒಬ್ಬರು "ಸ್ಸ್" ಎನ್ನುತ್ತಾರೆ.

ನನ್ನ ತವರು ಹಾನಗಲ್ ಕಡೆ. ಮಳೆ, ಕೆರೆ, ತಂಪು ಇದ್ದ ಊರಿನಿಂದ ಇಲ್ಲಿಗೆ ಸೊಸೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ನನ್ನ ಮೈ ಕೆರೆದು ಕೆರೆದು ಕೆಂಪಾಗಿತ್ತು. ಸ್ನಾನ ಮಾಡಿ, ಚೆನ್ನಾಗಿ ಒರೆಸಿಕೊಂಡು, ಅಡುಗೆ ಮುಗಿಸಿ, ಬಿಡುವಾದಾಗ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ನಾಲ್ಕು ದಿನ ನೋಡಿದ ಅತ್ತೆಯವರು, "ಕಟಕ ರೊಟ್ಟಿಗೆ ಎಣ್ಣೆ ಸವರಿದರೆ ಮೆತ್ತಗಾಗುತ್ತದೇನು? ಮೊದಲು ನೀರು ಚಿಮುಕಿಸಬೇಕು" ಎಂದರು. ನನಗೆ ಅಷ್ಟು ಸಾಕಾಯಿತು. ಚರ್ಮ ಒಡೆಯುವುದು ಅದರೊಳಗಿನ ನೀರು ಆರಿಹೋಗುವುದರಿಂದ. ಎಣ್ಣೆ ನೀರನ್ನು ತಂದುಕೊಡುವುದಿಲ್ಲ, ಇದ್ದ ನೀರು ಹೊರಗೆ ಹೋಗದಂತೆ ಮುಚ್ಚಳ ಹಾಕುತ್ತದೆ. ಬರಿದಾದ ಪಾತ್ರೆಗೆ ಮುಚ್ಚಳ ಹಾಕಿ ಏನು ಪ್ರಯೋಜನ?

ಆದ್ದರಿಂದ ಬಚ್ಚಲಿನಲ್ಲಿಯೇ, ಮೈ ಇನ್ನೂ ಹಸಿಯಾಗಿರುವಾಗಲೇ, ಅಂಗೈಗೆ ಒಂದು ಚಮಚ ಎಣ್ಣೆ ಸುರಿದುಕೊಂಡು ಕೈಕಾಲುಗಳಿಗೆ ಸವರಿ. ಆಮೇಲೆ ಟವೆಲ್ಲಿನಿಂದ ಉಜ್ಜದೆ ಒತ್ತಿಕೊಳ್ಳಿ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ನಮ್ಮ ಕಡೆಯ ಕುಸುಬೆ ಎಣ್ಣೆ, ಯಾವುದು ಮನೆಯಲ್ಲಿದೆಯೋ ಅದು ನಡೆಯುತ್ತದೆ. ಔಡಲ ಎಣ್ಣೆ ಅಂಟು ಜಾಸ್ತಿ, ಅದನ್ನು ಹಿಮ್ಮಡಿಗೆ ಇಟ್ಟುಕೊಳ್ಳಿ. ನೀರು ಮಾತ್ರ ಹದವಾಗಿರಲಿ. ಚಳಿಗೆ ಹಂಡೆಯ ಕುದಿನೀರು ಹಿತವೆನಿಸುತ್ತದೆ, ಆದರೆ ಎಣ್ಣೆಯ ಪಾತ್ರೆಯ ಜಿಡ್ಡು ಬಿಸಿನೀರಿಗೆ ಬಿಡುವಂತೆಯೇ ಮೈಯ ಜಿಡ್ಡೂ ಬಿಡುತ್ತದೆ. ಸೋಪನ್ನು ಕಂಕುಳು, ತೊಡೆಸಂದಿ, ಪಾದ, ಕೊಳೆಯಾದ ಕಡೆಗಷ್ಟೇ ಹಚ್ಚಿದರೆ ಸಾಕು. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿಗಳು ಜಿಡ್ಡು ಹೀರುವ ಪದಾರ್ಥಗಳು. ಪುಷ್ಯ ಮಾಸದ ಒಣಗಾಳಿಯಲ್ಲಿ ಅವುಗಳನ್ನು ಮುಖಕ್ಕೆ ಮೆತ್ತಿ ಒಣಗಿಸಿಕೊಂಡು ಕೂರುವುದು ಏನು ಚಂದವೋ ನನಗೆ ಇಂದಿಗೂ ಅರ್ಥವಾಗಿಲ್ಲ.

ತುಟಿಯ ಕಥೆಯೇ ಬೇರೆ. ಅಂಗೈ, ಅಂಗಾಲು ಬಿಟ್ಟರೆ ಮೈಯ ಉಳಿದ ಚರ್ಮಕ್ಕೆ ಒಳಗಿನಿಂದ ಜಿಡ್ಡು ಒಸರುವ ಗ್ರಂಥಿಗಳಿವೆ, ತುಟಿಯ ಕೆಂಪು ಭಾಗಕ್ಕೆ ಅವು ಇಲ್ಲವೆಂದರೂ ನಡೆಯುತ್ತದೆ. ಅಲ್ಲಿನ ಚರ್ಮವೂ ಬಲು ತೆಳು. ಅದಕ್ಕೇ ಮೊದಲು ಒಡೆಯುವುದು ಅದು. ಒಣಗಿತೆಂದು ನಾಲಿಗೆಯಿಂದ ಸವರಿದರೆ ಒಂದು ಗಳಿಗೆ ತಂಪು. ಎಂಜಲು ಆರುವಾಗ ತುಟಿಯ ತೇವವನ್ನೂ ಕರೆದುಕೊಂಡು ಹೋಗುತ್ತದೆ. ಮೇಲಾಗಿ ಎಂಜಲು ಇರುವುದೇ ಅನ್ನ ಅರಗಿಸಲು, ತುಟಿಯ ತೆಳುಚರ್ಮವನ್ನೂ ಅದು ಸುಮ್ಮನೆ ಬಿಡುವುದಿಲ್ಲ. ನನ್ನ ಚಿಕ್ಕ ಮೊಮ್ಮಗನ ಬಾಯಿಯ ಸುತ್ತ ಒಂದು ವರ್ಷ ಕೆಂಪು ಬಳೆಯೇ ಮೂಡಿತ್ತು, ಬೇರೇನೂ ಅಲ್ಲ, ಬರೀ ನಾಲಿಗೆಯ ಕೆಲಸ. ಬೈದರೆ ಕೇಳಲಿಲ್ಲ. ಜೇಬಿಗೆ ಸಣ್ಣ ಡಬ್ಬಿಯಲ್ಲಿ ತುಪ್ಪ ಹಾಕಿ, "ನಾಲಿಗೆ ಹೊರಗೆ ಬಂದಾಗಲೆಲ್ಲ ಬೆರಳು ಅದ್ದು" ಎಂದೆ. ಹದಿನೈದು ದಿನಕ್ಕೆ ಬಳೆ ಮಾಯ. ಅರ್ಧ ತುಪ್ಪ ಅವನ ಹೊಟ್ಟೆಗೇ ಹೋಗಿರಬೇಕು, ಹೋಗಲಿ. ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆಯಬಾರದು. ರಾತ್ರಿ ಬೆಣ್ಣೆ ಅಥವಾ ತುಪ್ಪ ದಪ್ಪಗೆ ಹಚ್ಚಿ ಮಲಗಿದರೆ ಬೆಳಿಗ್ಗೆ ಒದ್ದೆ ಬಟ್ಟೆಗೆ ತಾನಾಗಿ ಬರುತ್ತದೆ. ಹೊಕ್ಕಳಿಗೆ ಎಣ್ಣೆ ಬಿಟ್ಟರೆ ತುಟಿ ಒಡೆಯುವುದಿಲ್ಲ ಎಂಬ ಮಾತೂ ಇದೆ. ನಾನೂ ಬಿಟ್ಟು ನೋಡಿದ್ದೇನೆ, ಸೀರೆಯ ನೆರಿಗೆ ಜಿಡ್ಡಾಯಿತು.

ಶಿವರಾತ್ರಿ ಕಳೆದರೆ ಕಾಟ ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಮೇ ಮೊದಲರ್ಧದಲ್ಲಿ ಒಂದು ಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆಟ್ಟಗೆ ನಿಂತ ಕಂಬದ ನೆರಳೇ ಕಾಣುವುದಿಲ್ಲ. ನೆರಳನ್ನು ನೋಡುವ ಅಭ್ಯಾಸ ಒಳ್ಳೆಯದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಚರ್ಮ ಸುಡುವ ಹೊತ್ತು, ಕೆಲಸವಿಲ್ಲದಿದ್ದರೆ ಒಳಗಿರಿ. ಹೊರಗೆ ಹೋಗಲೇಬೇಕಾದವರಿಗೆ ಬಟ್ಟೆಗಿಂತ ಒಳ್ಳೆಯ ಔಷಧ ಇಲ್ಲ. ಹೊಲದ ಹೆಂಗಸರ ಗಾಢ ಬಣ್ಣದ ಇಳಕಲ್ ಸೀರೆಯ ಸೆರಗು ತಲೆ ಮೇಲಿದ್ದರೆ ಅದೇ ಕೊಡೆ. ಮೊಮ್ಮಗಳು ಸ್ಕೂಟಿಯ ಮೇಲೆ ಮುಖಕ್ಕೆ ಸುತ್ತಿಕೊಳ್ಳುವ ಬಿಳಿ ಜಾಳು ಓಢಣಿಯನ್ನು ಕಿಟಕಿಗೆ ಹಿಡಿದು ತೋರಿಸಿದೆ. ಎದುರು ಮನೆಯ ಬಾಗಿಲಿನ ಬೀಗವೂ ಕಾಣುತ್ತಿತ್ತು. ಬೆಳಕು ತೂರುವ ಬಟ್ಟೆಯಲ್ಲಿ ಬಿಸಿಲೂ ತೂರುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು.

ಸನ್‌ಸ್ಕ್ರೀನ್ ಬಗ್ಗೆ ನನಗೆ ಮೊದಲು ಅಸಡ್ಡೆಯಿತ್ತು, ಈಗ ಇಲ್ಲ. ಕೊಬ್ಬರಿ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ ಎಂಬುದನ್ನು ನನ್ನ ಹೆಗಲೇ ಕಲಿಸಿತು. ಡಬ್ಬಿಯ ಮೇಲೆ ಎಸ್‌ಪಿಎಫ್ 30 ಎಂದಿದ್ದರೆ ಚರ್ಮ ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 97 ಪಾಲು ತಡೆಯುತ್ತದೆ, 50 ಎಂದಿದ್ದರೆ 98. ಒಂದು ಪಾಲಿಗೆ ದುಪ್ಪಟ್ಟು ದುಡ್ಡು ಕೊಡಬೇಕೇ ಎಂಬುದು ನಿಮಗೆ ಬಿಟ್ಟದ್ದು. ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿ ಫಲ ಸಿಗಲಿಲ್ಲ ಎನ್ನಬೇಡಿ. ಮನೆ ಬಿಡುವ ಕಾಲು ಗಂಟೆ ಮೊದಲು ಒಮ್ಮೆ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ. ಕಿವಿ, ಕತ್ತಿನ ಹಿಂಭಾಗ, ಕೆಳತುಟಿ ಮರೆತುಹೋಗುವ ಜಾಗಗಳು. ತುಟಿಗೆಂದೇ ಎಸ್‌ಪಿಎಫ್ ಇರುವ ಕಡ್ಡಿ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಅದೇ ಮೊಮ್ಮಗಳು ಮೊಬೈಲಿನಲ್ಲಿ ಏನೋ ನೋಡಿ ಮುಖಕ್ಕೆ ನಿಂಬೆರಸ ಹಚ್ಚಿಕೊಂಡು ಕಾಲೇಜಿಗೆ ಹೋದಳು. ಎರಡು ದಿನಕ್ಕೆ ಕೆನ್ನೆಯ ಮೇಲೆ ರಸ ಇಳಿದ ದಾರಿಯಲ್ಲೇ ಕಂದು ಪಟ್ಟೆ ಎದ್ದಿತು. ನಿಂಬೆ ಜಾತಿಯ ರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆಯೇ ಆಗುತ್ತದೆ. ಆ ಕಲೆ ಹೋಗಲು ತಿಂಗಳುಗಳೇ ಹಿಡಿದವು. ಬಿಸಿಲಿಗೆ ಮೈ ಉರಿದರೆ ಐಸ್ ಒತ್ತುವುದು, ಟೂತ್‌ಪೇಸ್ಟ್ ಬಳಿಯುವುದು ಬೇಡ. ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿ, ಹೊಟ್ಟೆಗೆ ಮಜ್ಜಿಗೆ ಕೊಡಿ. ಲೋಳೆಸರ ಹಚ್ಚುವುದಾದರೆ ಎಲೆ ಕೊಯ್ದು ಸ್ವಲ್ಪ ಹೊತ್ತು ನಿಲ್ಲಿಸಿಡಿ. ಮೊದಲು ಇಳಿಯುವ ಹಳದಿ ಹಾಲು ತುರಿಕೆ ತರುತ್ತದೆ, ಅದು ಹೋದ ಮೇಲೆ ಒಳಗಿನ ತಿಳಿ ಲೋಳೆಯನ್ನಷ್ಟೇ ತೆಗೆದುಕೊಳ್ಳಿ.

ಮನೆಮದ್ದಿಗೆ ಬಗ್ಗದವೂ ಇವೆ. ಬಾಯಿಯ ಎರಡೂ ಮೂಲೆ ಪದೇ ಪದೇ ಸೀಳಿದರೆ ರಕ್ತಹೀನತೆ, ಜೀವಸತ್ವದ ಕೊರತೆ ಅಥವಾ ಶಿಲೀಂಧ್ರ ಇರಬಹುದು. ಕೆಳತುಟಿಯ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ದಿನವಿಡೀ ಬಿಸಿಲಿನಲ್ಲಿ ದುಡಿಯುವವರು, ಬೀಡಿ ಸೇದುವವರು, ತಂಬಾಕು ಸುಣ್ಣ ತಿಕ್ಕಿ ತುಟಿಯ ಸಂದಿಗೆ ಇಡುವವರು ಒಂದು ದಿನವೂ ಮುಂದೂಡಬಾರದು.

ತುಟಿಗೆ ನಾನು ಮಾಡುವ ಮುಲಾಮು ಇಷ್ಟೇ: ತುರಿದ ಜೇನುಮೇಣ ಒಂದು ಚಮಚ, ಕೊಬ್ಬರಿ ಎಣ್ಣೆ ನಾಲ್ಕು ಚಮಚ. ಎರಡನ್ನೂ ಸ್ಟೀಲ್ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸುತ್ತೇನೆ. ನೇರ ಉರಿಯ ಮೇಲೆ ಬೇಡ. ಒಂದು ಹನಿ ತಟ್ಟೆಗೆ ಬಿಟ್ಟು ಆರಿಸಿ ಬೆರಳಿನಿಂದ ಒತ್ತಿದರೆ ಹದ ತಿಳಿಯುತ್ತದೆ. ಹೋದ ವರ್ಷ ಚಳಿಗಾಲದ ಅಳತೆಯಲ್ಲೇ ಮಾಡಿ ಮೊಮ್ಮಗಳಿಗೆ ಕೊಟ್ಟಿದ್ದೆ. ಮೇ ತಿಂಗಳಲ್ಲಿ ಅವಳ ಚೀಲದೊಳಗೆ ಕರಗಿ ಪುಸ್ತಕಗಳೆಲ್ಲ ಎಣ್ಣೆಯಾದವು. ಈಗ ಬೇಸಿಗೆಯ ಡಬ್ಬಿಗೆ ಮೇಣ ಒಂದೂವರೆ ಚಮಚ ಹಾಕುತ್ತೇನೆ.