ಒಂದು ಉರುಟು ಕೀ, ಹನ್ನೊಂದು ಪೆಟ್ಟಿಗೆ

ಮಂಜೇಶ್ವರದಿಂದ ಕಾಸರಗೋಡು ಪೇಟೆಯವರೆಗೆ ಹೆದ್ದಾರಿ ಬದಿಯ ಅಂಗಡಿಗಳ ಎದುರು ನನ್ನ ಹನ್ನೊಂದು ತೂಕದ ಮೆಷಿನ್‌ಗಳಿದ್ದವು. ನಾಣ್ಯ ಹಾಕಿದರೆ ದೀಪ ಸುತ್ತಿ ಚೀಟಿ ಉದುರುವಂಥವು. ಬಿದ್ದದ್ದರಲ್ಲಿ ಮೂರರಲ್ಲೊಂದು ಪಾಲು ಅಂಗಡಿಯವರಿಗೆ. ಹದಿನೈದು ದಿನಕ್ಕೊಮ್ಮೆ ಬೈಕಿನಲ್ಲಿ ಹೋಗಿ ಪೆಟ್ಟಿಗೆ ಖಾಲಿ ಮಾಡುವುದು ನನ್ನ ಕೆಲಸ. ಹನ್ನೊಂದಕ್ಕೂ ಒಂದೇ ಕೀ. ಅದನ್ನು ನಾನು ದೊಡ್ಡ ಅನುಕೂಲವೆಂದೇ ತಿಳಿದಿದ್ದೆ.

ಮೆಷಿನ್ ಒಳಗೆ ಬಿದ್ದ ನಾಣ್ಯ ಎಣಿಸುವ ಸಣ್ಣ ಮೀಟರ್ ಇರುತ್ತದೆ. ಮೊದಲೆರಡು ವರ್ಷ ನಾನದನ್ನು ನೋಡಿದ್ದೇ ಅಪರೂಪ. ಒಂದು ಮಳೆಗಾಲ ಕುಂಬಳೆಯ ಮೆಷಿನ್‌ನ ಕಲೆಕ್ಷನ್ ಇಳಿಯಿತು. ಮೀಟರ್ ಪ್ರಕಾರ 412 ನಾಣ್ಯ ಬಿದ್ದಿರಬೇಕು, ಪೆಟ್ಟಿಗೆಯಲ್ಲಿ 290. ಬಾಗಿಲಿಗೆ ಒಂದು ಗೀರೂ ಇಲ್ಲ.

ಮೊದಲು ನಾನು ದೂರಿದ್ದು ಸರಕಾರವನ್ನು! 2011ರಲ್ಲಿ ನಾಣ್ಯಗಳ ಅಳತೆ ಬದಲಾದಾಗ ಈ ದಂಧೆಯವರೆಲ್ಲ ತಲೆ ಕೆಡಿಸಿಕೊಂಡಿದ್ದೆವು. ಹೊಸ ಒಂದು ರೂಪಾಯಿ ಸಣ್ಣದಾಯಿತು, ಹೊಸ ಎರಡು ರೂಪಾಯಿ ಹಳೆಯ ಸ್ಟೀಲ್ ಒಂದು ರೂಪಾಯಿಯಷ್ಟೇ ಅಗಲ ಬಂತು, 25 ಮಿಲಿಮೀಟರ್. ಹಾಗಾಗಿ ನಾಣ್ಯ ಹಿಡಿಯುವ ಭಾಗವೇ ಎರಡೆರಡು ಸಲ ಎಣಿಸುತ್ತಿದೆಯೇನೋ ಅಂದುಕೊಂಡೆ. ಬಿಚ್ಚಿ, ಒರೆಸಿ, ನೂರು ನಾಣ್ಯ ಹಾಕಿ ನೋಡಿದೆ. ಮೀಟರ್ ಸರಿಯಾಗಿ ನೂರು ತೋರಿಸಿತು. ಮತ್ತೆ ಉಳಿದದ್ದು ಅಂಗಡಿಯ ಹುಡುಗ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆ.

ಕಾರಣ ತಿಳಿದದ್ದು ಉಪ್ಪಳದಲ್ಲಿ. ಅಲ್ಲಿ ಆಟಿಕೆ ಅಂಗಡಿಯ ಎದುರು ಇನ್ನೊಬ್ಬರ ಮಕ್ಕಳ ಕುದುರೆ ಇತ್ತು, ನಾಣ್ಯ ಹಾಕಿದರೆ ಕುಣಿಯುವಂಥದ್ದು. ಅದರ ಮಾಲಕರು ಕೀ ಮನೆಯಲ್ಲೇ ಬಿಟ್ಟುಬಂದು ಪರದಾಡುತ್ತಿದ್ದರು. "ನಿಮ್ಮದೂ ಇಂಥದ್ದೇ ಅಲ್ಲವಾ, ಒಮ್ಮೆ ಹಾಕಿ ನೋಡಿ ಮಾರಾಯ್ರೇ" ಎಂದರು. ತಮಾಷೆಗೆ ಹಾಕಿದೆ. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಅವರು ನಕ್ಕರು, ನನಗೆ ನಗು ಬರಲಿಲ್ಲ. ಇಬ್ಬರೂ ಮೆಷಿನ್ ತರಿಸಿದ್ದು ಬೇರೆ ಬೇರೆ ಕಡೆಯಿಂದ.

ನಾವು ಉರುಟು ಬೀಗ ಎನ್ನುವ ಇದರ ಸರಿ ಹೆಸರು ಟ್ಯೂಬ್ಯುಲರ್ ಲಾಕ್. 1930ರ ದಶಕದಲ್ಲಿ ಶಿಕಾಗೋದ ಕಂಪೆನಿಯೊಂದು 'ಏಸ್' ಹೆಸರಿನಲ್ಲಿ ಮಾರಿ ಪ್ರಸಿದ್ಧಿಗೆ ತಂದದ್ದು. ಮನೆ ಬೀಗದಲ್ಲಿ ಪಿನ್ನುಗಳು ಒಂದರ ಹಿಂದೆ ಒಂದು ಸಾಲಾಗಿರುತ್ತವೆ. ಇದರಲ್ಲಿ ಏಳು ಪಿನ್ನುಗಳು ವೃತ್ತಾಕಾರದಲ್ಲಿ ನಿಂತಿರುತ್ತವೆ, ಒಂದೊಂದೂ ಎರಡು ತುಂಡಿನದು. ಕೊಳವೆಯಂಥ ಕೀಯ ಅಂಚಿನಲ್ಲಿ ಬೇರೆ ಬೇರೆ ಆಳದ ಕಚ್ಚುಗಳು. ಒತ್ತಿದಾಗ ಪ್ರತಿ ಪಿನ್ನೂ ತನ್ನಷ್ಟೇ ಆಳಕ್ಕೆ ಹೋಗಿ, ಏಳರಲ್ಲೂ ಆ ತುಂಡುಗಳ ನಡುವಿನ ಸಂದು ಒಂದೇ ಮಟ್ಟಕ್ಕೆ ಬಂದರೆ ಒಳಗಿನ ಭಾಗ ತಿರುಗುತ್ತದೆ. ಒಂದೊಂದು ಪಿನ್ನಿಗೆ ಎಂಟು ಆಳ ಎಂದಿಟ್ಟುಕೊಂಡರೆ ಲೆಕ್ಕದಲ್ಲಿ 20 ಲಕ್ಷಕ್ಕೂ ಹೆಚ್ಚು ಬಗೆಯ ಕೀ ಸಾಧ್ಯ. ಆದರೆ ಅಗ್ಗದ ಮೆಷಿನ್ ಕಟ್ಟುವವರು ಒಂದೇ ಕೀಯ ಬೀಗಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಎಲ್ಲದಕ್ಕೂ ಅದನ್ನೇ ಕೂರಿಸುತ್ತಾರೆ. ಆಗ 20 ಲಕ್ಷ ಹೋಗಿ ಒಂದಾಗುತ್ತದೆ.

ಇನ್ನೊಂದು ದೌರ್ಬಲ್ಯ ಬೀಗದ ಮೂತಿಯಲ್ಲೇ ಉಂಟು. ಏಳೂ ಪಿನ್ನಿನ ತಲೆ ಎದುರಿಗೇ ಕಾಣುತ್ತದೆ. 2004ರಲ್ಲಿ ಅಮೆರಿಕದಲ್ಲಿ ಕ್ರಿಪ್ಟೊನೈಟ್ ಕಂಪೆನಿಯ ಸೈಕಲ್ ಬೀಗಗಳು ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಗೇ ತೆರೆದುಕೊಂಡವೆಂದು ದೊಡ್ಡ ಗುಲ್ಲಾಗಿ, ಕಂಪೆನಿ ಬೀಗ ಬದಲಿಸಿಕೊಡಬೇಕಾಯಿತು. ನನ್ನಲ್ಲಿ ಕದ್ದವನಿಗೆ ಅಷ್ಟು ಕಷ್ಟವೂ ಬೇಕಿರಲಿಲ್ಲವೆಂದೇ ನನ್ನ ಲೆಕ್ಕ. ಎಲ್ಲಿಂದಲೋ ಒಂದು ಕೀ ಸಿಕ್ಕಿರಬೇಕು. ಪೂರಾ ಬಾಚದೆ ಆಗಾಗ ಸ್ವಲ್ಪ ಸ್ವಲ್ಪ ತೆಗೆದಿದ್ದಾನೆ, ಬುದ್ಧಿವಂತ. ಯಾರೆಂದು ಗೊತ್ತಾಗಲೇ ಇಲ್ಲ.

ಮಾರಿದವರಿಗೆ ಫೋನ್ ಮಾಡಿದೆ. "ಒಂದೇ ಕೀ ಆದರೆ ನಿಮಗೇ ಸುಲಭ ಅಲ್ವಾ ಸಾರ್?" ಎಂದರು.

ಬೀಗ ಬದಲಿಸಲು ಮೆಷಿನ್ ಬಿಚ್ಚಿದಾಗ ಇನ್ನಷ್ಟು ಹುಳುಕು ಹೊರಬಿತ್ತು. ಬೀಗದ ಹಿಂದಿನ ನಟ್ಟು ನಾಲ್ಕು ಕಡೆ ಕೈಯಲ್ಲೇ ತಿರುಗುತ್ತಿತ್ತು. ಬಾಗಿಲ ತಗಡು ಎಷ್ಟು ತೆಳು ಎಂದರೆ ಸ್ಕ್ರೂಡ್ರೈವರ್ ತುರುಕಿ ಎತ್ತಿದರೆ ಬೀಗದ ಗೊಡವೆಯೇ ಬೇಡ. ಕೆಲವು ಬೀಗಗಳ ಮುಖದ ಮೇಲೆಯೇ ಕೀಯ ಕೋಡ್ ನಂಬರ್ ಅಚ್ಚಾಗಿತ್ತು. ಅದನ್ನು ನೋಡಿ ಬರೆದುಕೊಂಡರೆ ಕೀ ಮಾಡಿಸಿಕೊಳ್ಳಬಹುದು. ಪಾಸ್‌ವರ್ಡನ್ನು ಬಾಗಿಲಿಗೇ ಅಂಟಿಸಿದ ಹಾಗೆ! ಎರಡು ಬೀಗಗಳಲ್ಲಿ ಪಿನ್ನುಗಳು ಒಳಗೇ ಅಂಟಿದ್ದವು. ಅದು ನನ್ನದೇ ತಪ್ಪು. ನಮ್ಮೂರಲ್ಲಿ ಬಾಗಿಲ ತಿರುಗಣೆಯಿಂದ ಹಿಡಿದು ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು. ಉಪ್ಪುಗಾಳಿ, ಹೆದ್ದಾರಿಯ ಧೂಳು, ಅದರ ಮೇಲೆ ಎಣ್ಣೆ, ಮೂರೂ ಸೇರಿ ಅಂಟಾಗಿ ಸ್ಪ್ರಿಂಗ್ ಸತ್ತಿತ್ತು. ಸಂದಿನ ಮಟ್ಟದಲ್ಲೇ ಅಂಟಿ ನಿಂತ ಪಿನ್ನು ಇದ್ದೂ ಇಲ್ಲದ ಹಾಗೆ, ಕಾವಲಿಗೆ ಉಳಿಯುವುದು ಆರೇ. ಈಗ ಗ್ರಾಫೈಟ್ ಪುಡಿ ಬಿಟ್ಟು ಬೇರೇನೂ ಹಾಕುವುದಿಲ್ಲ.

ಹೊಸ ಬೀಗ ತರಿಸುವಾಗ ಹನ್ನೊಂದಕ್ಕೂ ಬೇರೆ ಬೇರೆ ಕೀ ಬೇಕು, ಮುಖದ ಮೇಲೆ ನಂಬರ್ ಬೇಡ ಎಂದು ಚೀಟಿಯಲ್ಲೇ ಬರೆದುಕೊಟ್ಟೆ. ನಟ್ಟಿನ ಹಿಂದೆ ದಪ್ಪ ಪಟ್ಟಿ ಹಾಕಿಸಿದೆ, ಲೇತ್ ಅಂಗಡಿಯಲ್ಲಿ. ಒಳಗಿನ ನಾಣ್ಯದ ಡಬ್ಬಿಗೆ ಪ್ರತ್ಯೇಕ ಬೀಗ ಹಾಕಿದೆ. ಚೀಟಿಯ ರೋಲ್ ಬದಲಿಸಲು ಬಾಗಿಲ ಕೀ ಅಂಗಡಿಯವರ ಹತ್ತಿರ ಇರುತ್ತದೆ, ಡಬ್ಬಿಯದ್ದು ನನ್ನ ಹತ್ತಿರ ಮಾತ್ರ. ಖರ್ಚು ನೋಡಿ ಹೆಂಡತಿ "ಕದ್ದದ್ದಕ್ಕಿಂತ ಇದೇ ಜಾಸ್ತಿಯಾಯಿತಲ್ಲ" ಎಂದಳು. ಆ ವರ್ಷದ ಮಟ್ಟಿಗೆ ಅವಳು ಹೇಳಿದ್ದು ನಿಜ.

ಆದರೆ ಬೀಗಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಇಪ್ಪತ್ತು ರೂಪಾಯಿಯ ನೋಟುಪುಸ್ತಕ. ಪ್ರತಿ ಸಲ ಮೀಟರ್ ಓದಿ, ಅಂಗಡಿಯವರ ಎದುರೇ ನಾಣ್ಯ ಎಣಿಸಿ, ಎರಡನ್ನೂ ಬರೆದು ಇಬ್ಬರೂ ಸಹಿ ಹಾಕುವುದು. ಮೊದಲ ಸಹಿ ಹಾಕಿಸಿದ್ದು ಕುಂಬಳೆಯ ಆ ಹುಡುಗನ ಕೈಯಲ್ಲಿ. ಅವನು ಹೆಸರು ಪೂರ್ತಿ ಬರೆದ, ಇನಿಶಿಯಲ್ ಸಮೇತ.

ಹಳೆಯ ಕೀ ಬಿಸಾಡಲಿಲ್ಲ. ಮೊನ್ನೆ ಬದಿಯಡ್ಕದ ಹೋಟೆಲೊಂದರ ಎದುರು ಹೊಸ ಮೆಷಿನ್ ಕಂಡಿತು, ಅದೇ ಮೂತಿಯ ಬೀಗ. ಯಜಮಾನರನ್ನು ಕರೆದು ವಿಷಯ ಹೇಳಿದೆ. ನಂಬಲಿಲ್ಲ. "ನೀವೇ ತಿರುಗಿಸಿ ನೋಡಿ" ಎಂದು ಕೀ ಅವರ ಕೈಗೇ ಕೊಟ್ಟೆ. ಬಾಗಿಲು ತೆರೆಯಿತು. ಅವರು ಒಮ್ಮೆ ಪೆಟ್ಟಿಗೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಕೀಯನ್ನು ತಮ್ಮ ಕಿಸೆಗೇ ಹಾಕಿಕೊಂಡರು.