ಫಿಲ್ಮಿನ ಗಂಟು ಬಿಡಿಸಿದ್ದು

ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಮೂರು ವಾರ ಒಂದೇ ಗೋಳು. ಸೋಲಾರ್ ಸೆಲ್‌ಗಾಗಿ ಪಿ3ಎಚ್‌ಟಿ ಎಂಬ, ಬೆಳಕು ಹೀರುವ ಪಾಲಿಮರಿಗೆ ಜಿಂಕ್ ಆಕ್ಸೈಡ್ ನ್ಯಾನೋಕಣ ಬೆರೆಸಿ ಗಾಜಿನ ಮೇಲೆ ಸ್ಪಿನ್ ಮಾಡಿದರೆ (ಅಂದರೆ ದ್ರವ ಹಾಕಿ, ಗಾಜನ್ನು ಗಿರ್ರನೆ ತಿರುಗಿಸಿ ತೆಳುವಾಗಿ ಹರಡಿದರೆ) ಫಿಲ್ಮ್ ಮಂಜು ಮಂಜು. ಬೆಳಕಿಗೆ ಹಿಡಿದರೆ ಧೂಮಕೇತುವಿನ ಬಾಲದಂಥ ಗೆರೆಗಳು. ಪ್ರತಿ ಗೆರೆಯ ತಲೆಯಲ್ಲೂ ಒಂದು ಪುಟ್ಟ ಗಂಟು.

ಸುಮ್ನೆ ವೇಗ ಬದಲಿಸುತ್ತಾ ಕೂತಿದ್ದೆ. ತಪ್ಪು ಇದ್ದದ್ದು ದ್ರಾವಕದಲ್ಲಿ. ಕಣಗಳು ಚದುರಿ ನಿಲ್ಲಲು ಮೆಥನಾಲ್ ಬೇಕು; ಪಾಲಿಮರ್ ಅದರಲ್ಲಿ ಕರಗುವುದೇ ಇಲ್ಲ. ಮೆಥನಾಲ್ ಜಾಸ್ತಿಯಾದರೆ ಹಾಲು ಒಡೆದ ಹಾಗೆ ಪಾಲಿಮರ್ ಬೇರೆಯಾಗಿಬಿಡುತ್ತದೆ.

ಈ ಸಲ ಕಣಗಳನ್ನು ಕ್ಲೋರೋಫಾರ್ಮ್‌ಗೆ ಹಾಕಿ, ಮೆಥನಾಲ್ ಸ್ವಲ್ಪವೇ ಸೇರಿಸಿದೆ. ಪಾಲಿಮರನ್ನು ಕ್ಲೋರೋಬೆಂಜೀನ್‌ನಲ್ಲಿ ಬಿಸಿ ಮಾಡಿ ಪೂರ್ತಿ ಕರಗಿಸಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದೆ. ಉಗುರುಬೆಚ್ಚಗಾದ ಮೇಲೆ ಕಣಗಳ ದ್ರವವನ್ನು ಹನಿ ಹನಿಯಾಗಿ, ಕಲಕುತ್ತಲೇ ಬಿಟ್ಟೆ. ಅಮ್ಮ ಅಂಬಲಿಗೆ ಕದಡಿದ ರಾಗಿ ಹಿಟ್ಟು ಬಿಡುವುದೂ ಹೀಗೇ ಅಲ್ವಾ?

ಗಂಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಬೆಳಕು ಬಿದ್ದಾಗ ಹುಟ್ಟುವ ಎಕ್ಸಿಟಾನ್ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿ) ಪಾಲಿಮರಿನಲ್ಲಿ ಸುಮಾರು 10 ನ್ಯಾನೋಮೀಟರ್ ಮಾತ್ರ ಸಾಗುತ್ತದೆ. ಕಣಗಳು ಗಂಟು ಕಟ್ಟಿ ಒಂದೇ ಕಡೆ ಕೂತು, ಅಷ್ಟರೊಳಗೆ ಕಣ ಸಿಗದಿದ್ದರೆ ಅದರಿಂದ ಕರೆಂಟೇ ಇಲ್ಲ.

ನಿನ್ನೆಯ ಫಿಲ್ಮ್ ತಿಳಿ ನೇರಳೆ. ಅದರ ಮೂಲಕ ನೋಡಿದರೆ ಕಿಟಕಿಯಾಚೆಯ ತೆಂಗಿನ ಗರಿ ಎಣಿಸಬಹುದಿತ್ತು.